ಅಮೆರಿಕದ ಕಾಲೇಜಿನಲ್ಲಿ ಮಗಳು ಸೊರೊರಿಟಿ (ವಿದ್ಯಾರ್ಥಿನಿಯರ ಸಂಘ) ಸೇರಿದರೆ ಮುಂದೆ ಕೆಲಸಕ್ಕೆ ಅನುಕೂಲವಾಗುತ್ತದಾ? ದುಡ್ಡು ಕಟ್ಟಬಹುದಾ?

ಸರ್, ನಮ್ಮಪ್ಪನೂ ಇದೇ ಲೆಕ್ಕ ಹಾಕಿದ್ದರು. "ದೊಡ್ಡ ಮನೆ ಮಕ್ಕಳ ಪರಿಚಯ ಆಗುತ್ತೆ, ನಾಳೆ ಕೆಲಸಕ್ಕೆ ಆಗಿ ಬರುತ್ತೆ, ಸೇರ್ಕೋ" ಅಂತ ಮೈಸೂರಿನಿಂದ ಫೋನಿನಲ್ಲೇ ಹೇಳಿ ದುಡ್ಡು ಕಳಿಸಿಬಿಟ್ಟರು. ನಾನು ಡಿಗ್ರಿ ಓದಿದ್ದು ಅಮೆರಿಕದ ನಡುಭಾಗದ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ. ಹೆಸರು ಬೇಡ ಬಿಡಿ.

ಆಗಸ್ಟ್‌ನಲ್ಲಿ, ಇನ್ನೂ ಕ್ಲಾಸು ಶುರುವಾಗುವ ಮುಂಚೆ, ರಶ್ ನಡೆಯಿತು, ಅಂದರೆ ಸಂಘಗಳು ತಮ್ಮ ತಮ್ಮ ಮನೆಗಳಲ್ಲಿ ಹೊಸ ಸದಸ್ಯೆಯರನ್ನು ಆರಿಸುವ ಸುತ್ತು. ಹೆಣ್ಣು ನೋಡುವ ಶಾಸ್ತ್ರವನ್ನು ಒಂದೇ ದಿನ ಸಾಲಾಗಿ ಹತ್ತು ಮನೆಯಲ್ಲಿ ಮಾಡಿಸಿಕೊಂಡ ಹಾಗೆ ಅದು. ಬಾಗಿಲು ತೆರೆಯುತ್ತದೆ. ಒಳಗಿನಿಂದ ಹುಡುಗಿಯರ ದಂಡೊಂದು ಚಪ್ಪಾಳೆ ತಟ್ಟಿಕೊಂಡು ಹಾಡು ಕೂಗುತ್ತದೆ. ಒಬ್ಬಳು ಬಂದು ಕೈ ಹಿಡಿದು ಒಳಗೆ ಕರೆದೊಯ್ಯುತ್ತಾಳೆ. ಮಾತು ಕುದುರುವಷ್ಟರಲ್ಲಿ ಇನ್ನೊಬ್ಬಳು ಬಂದು ನಿಲ್ಲುತ್ತಾಳೆ, ಮೊದಲಿನವಳು ಮಾಯ. ಊರು ಮೈಸೂರು ಅಂದರೆ ಸಾಕು, "ಓ, ಯೋಗ!" ಅನ್ನುತ್ತಿದ್ದರು. ಮೈಸೂರು ಶೈಲಿಯ ಅಷ್ಟಾಂಗ ಯೋಗ ಅಲ್ಲಿ ಅಷ್ಟು ಹೆಸರುವಾಸಿ. ಒಂದು ಆಸನವೂ ನೆಟ್ಟಗೆ ಬರದ ನಾನು ಮನೆಮನೆಯಲ್ಲೂ ಯೋಗದ ಬಗ್ಗೆ ಭಾಷಣ ಬಿಟ್ಟೆ. ಒಂದು ಮನೆಯವರು ಬಿಡ್ ಕೊಟ್ಟರು, ಅಂದರೆ ಸೇರಲು ಆಹ್ವಾನ.

ಆಮೇಲೆ ಶುರುವಾಯಿತು ನೋಡಿ. ಸೋಮವಾರ ರಾತ್ರಿ ಚಾಪ್ಟರ್ ಮೀಟಿಂಗ್, ಅಂದರೆ ನಮ್ಮ ಶಾಖೆಯ ಸಭೆ. ಇನ್ನೊಂದು ದಿನ ಹೊಸಬರಿಗೆ ಸಂಘದ ಇತಿಹಾಸದ ಪಾಠ, ಅದಕ್ಕೊಂದು ಪರೀಕ್ಷೆ. ಶನಿವಾರ ಫುಟ್‌ಬಾಲ್. ನಡುವೆ ಚಂದಾ ಎತ್ತುವ ಕಾರ್ಯಕ್ರಮ. ನಾನು ತಗೊಂಡಿದ್ದು 13 ಕ್ರೆಡಿಟ್. ಅದರಲ್ಲಿ ಕೆಮಿಸ್ಟ್ರಿಯೇ ನಾಲ್ಕು, ಮತ್ತು ಅದರಲ್ಲೇ ನಾನು ಮುಳುಗುತ್ತಿದ್ದೆ. ಒಂದು ರಾತ್ರಿ ಮನೆಯ ಅಡುಗೆಮನೆಯಲ್ಲಿ ಸೀನಿಯರ್ ಒಬ್ಬಳು ಸೀರಿಯಲ್ ತಿನ್ನುತ್ತಾ, "ಡ್ರಾಪ್ ಮಾಡು, ಅಂಕಪಟ್ಟಿಯಲ್ಲಿ ಒಂದು ಡಬ್ಲ್ಯೂ ಬರುತ್ತೆ ಅಷ್ಟೇ, ನಾನೂ ಮಾಡಿದ್ದೆ" ಅಂದಳು. ಡಬ್ಲ್ಯೂ ಅಂದರೆ ಕೋರ್ಸನ್ನು ನಡುವೆ ಬಿಟ್ಟರು ಎಂಬ ಗುರುತು. ಅಲ್ಲೇ ಲ್ಯಾಪ್‌ಟಾಪ್ ತೆರೆದು ಡ್ರಾಪ್ ಬಟನ್ ಒತ್ತಿದೆ.

ಈ ಬಟನ್ ವಿಷಯ ಬಿಡಿಸಿ ಹೇಳುತ್ತೇನೆ, ಮಗಳಿಗೂ ಓದಿಸಿ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಡಿಗ್ರಿ ಓದುವವರು ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಓದಲೇಬೇಕು. 13ರಲ್ಲಿ ನಾಲ್ಕು ಹೋದರೆ ಒಂಬತ್ತು. ಕಡಿಮೆ ಮಾಡಿಕೊಳ್ಳಲು ದಾರಿ ಇಲ್ಲವೆಂದಲ್ಲ, ಇದೆ. ಅಲ್ಲಿನ ಪಾಠದ ಪದ್ಧತಿ ಹೊಸದು, ಇಂಗ್ಲಿಷ್ ಓದು ಕಷ್ಟ, ತಪ್ಪು ಮಟ್ಟದ ಕೋರ್ಸಿಗೆ ಹಾಕಿದ್ದಾರೆ ಎಂಬಂಥ ಕಾರಣವಿದ್ದರೆ ಯೂನಿವರ್ಸಿಟಿಯ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿರುವ ಅಧಿಕಾರಿಯೇ ಅನುಮತಿ ಕೊಡಬಹುದು. ಅರ್ಧದಷ್ಟು ಹೊರೆ, ಅಂದರೆ ಆರು ಕ್ರೆಡಿಟ್, ಉಳಿದಿದ್ದರೆ ಸಾಕು. ಆದರೆ ಅನುಮತಿ ಮೊದಲು, ಡ್ರಾಪ್ ಆಮೇಲೆ. ನನ್ನ ಒಂಬತ್ತು ಕ್ರೆಡಿಟ್ ಆ ನಿಯಮದೊಳಗೆ ಆರಾಮಾಗಿ ಕೂರುತ್ತಿತ್ತು. ಬೆಳಗ್ಗೆ ಎದ್ದು ಕಚೇರಿಗೆ ಹೋಗಿ ಕೇಳಿದ್ದರೆ ಮುಗಿಯುತ್ತಿತ್ತು. ನಾನು ರಾತ್ರಿಯೇ ಒತ್ತಿದೆ. ನಮ್ಮ ಯೂನಿವರ್ಸಿಟಿಯ ವೆಬ್‌ಸೈಟ್ ತಡೆಯಲೂ ಇಲ್ಲ, ಎಚ್ಚರಿಸಲೂ ಇಲ್ಲ.

ಸೀನಿಯರ್ ಸುಳ್ಳು ಹೇಳಲಿಲ್ಲ. ಅವಳು ಅಲ್ಲೇ ಹುಟ್ಟಿದವಳು, ಅವಳಿಗೆ ಡಬ್ಲ್ಯೂ ಅಂದರೆ ನಿಜವಾಗಿಯೂ ಒಂದು ಅಕ್ಷರ ಅಷ್ಟೇ. ಆ ಮನೆಯಲ್ಲಿ ವೀಸಾದವಳು ನಾನೊಬ್ಬಳೇ.

ನನ್ನ ಸೆವಿಸ್ ದಾಖಲೆ, ಅಂದರೆ ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಲ್ಲಿನ ಸರ್ಕಾರ ಇಡುವ ದಾಖಲೆ, ರದ್ದಾಯಿತು. ಲೈಬ್ರರಿ ಕೌಂಟರಿನ ಕೆಲಸ ಅವತ್ತೇ ಹೋಯಿತು, ಸ್ಟೇಟಸ್ (ವಿದ್ಯಾರ್ಥಿಯಾಗಿ ಅಲ್ಲಿರಲು ಕಾನೂನಿನ ಮಾನ್ಯತೆ) ಇಲ್ಲದವರು ಕ್ಯಾಂಪಸ್ಸಿನಲ್ಲೂ ದುಡಿಯುವ ಹಾಗಿಲ್ಲ. ಸ್ಟೇಟಸ್ ವಾಪಸ್ ಕೊಡಿ ಅಂತ ಐ-539 ಅರ್ಜಿ, ಅದಕ್ಕೆ ಶುಲ್ಕ, ಮೇಲೆ ವಕೀಲರ ಫೀಸು. ಐದು ತಿಂಗಳೊಳಗೆ ಹಾಕಬೇಕು. ಅಧಿಕಾರಿಯೇ ಕೊಡಬಹುದಾಗಿದ್ದ ಅನುಮತಿಯನ್ನು ಕೇಳದೆ ಹೋದವರಿಗೆ ಆ ನಿಯಮದಲ್ಲೇ ಒಂದು ಬಾಗಿಲು ಇತ್ತು, ಅದರಿಂದ ಉಳಿದುಕೊಂಡೆ. ಅರ್ಜಿ ಬಾಕಿ ಇರುವಾಗ ದೇಶ ಬಿಟ್ಟರೆ ಅರ್ಜಿಯೇ ಬಿದ್ದುಹೋಗುತ್ತದೆ, ಹಾಗಾಗಿ ಡಿಸೆಂಬರ್‌ನಲ್ಲಿ ಊರಿಗೆ ಹೋಗಲಿಲ್ಲ. ಹಾಸ್ಟೆಲ್ ನೋಡಿದರೆ ರಜೆಗೆ ಬೀಗ ಹಾಕುತ್ತದೆ.

ಸೊರೊರಿಟಿ ಕೈ ಹಿಡಿದದ್ದು ಆಗ. ನನ್ನ ಜೊತೆ ಸೇರಿದ್ದ ಹುಡುಗಿಯೊಬ್ಬಳು ಏನೂ ಕೇಳದೆ ಕಾರಿಗೆ ನನ್ನ ಸೂಟ್‌ಕೇಸ್ ಎತ್ತಿಟ್ಟಳು. ರಜೆ ಪೂರ್ತಿ ಅವರ ಮನೆಯಲ್ಲಿದ್ದೆ. ಅವಳಮ್ಮ ಎಲ್ಲದಕ್ಕೂ ಚಿಕನ್ ಸ್ಟಾಕ್ ಹಾಕುವವರು, ನನಗೋಸ್ಕರ ಬೇರೆ ಪಾತ್ರೆ ಇಟ್ಟರು. ಅವರ ಒಲೆಯ ಮೇಲೆ ನಾನು ಮಾಡಿದ ಚಿತ್ರಾನ್ನಕ್ಕೆ ಅವಳ ತಮ್ಮ ಕೆಚಪ್ ಹಾಕಿಕೊಂಡು ತಿಂದ. ಇರಲಿ.

ಇನ್ನು ನೀವು ಕೇಳಿದ ಕೆಲಸದ ವಿಷಯ. ಸಂಘದ ಹಳೆಯ ಸದಸ್ಯೆಯೊಬ್ಬರು ಒಳ್ಳೆಯ ಕಂಪನಿಯಲ್ಲಿ ನೇಮಕಾತಿ ವಿಭಾಗದಲ್ಲಿದ್ದರು, ಪ್ರೀತಿಯಿಂದ ನನ್ನ ರೆಸ್ಯೂಮೆ ಮುಂದಕ್ಕೆ ಕಳಿಸಿದರು. ಅರ್ಜಿಯಲ್ಲಿ ಒಂದು ಪ್ರಶ್ನೆ: ಈಗ ಅಥವಾ ಮುಂದೆ ನಿಮಗೆ ವೀಸಾ ಪ್ರಾಯೋಜಕತ್ವ ಬೇಕೇ? ಬೇಕು ಅಂದೆ. ಮಾತು ಅಲ್ಲಿಗೇ ನಿಂತಿತು. ಡಿಗ್ರಿ ಮುಗಿದ ಮೇಲೆ ಓಪಿಟಿ ಅಂತ 12 ತಿಂಗಳು ಕೆಲಸ ಮಾಡಬಹುದು, ವಿಜ್ಞಾನ ಅಥವಾ ಎಂಜಿನಿಯರಿಂಗ್ ಆದರೆ ಇನ್ನೂ 24 ತಿಂಗಳು. ಆಮೇಲೆ ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ಲಾಟರಿ. ಇಷ್ಟನ್ನು ಸಹಿಸಿಕೊಳ್ಳುವ ಕಂಪನಿ ಬೇಕು, ಸಂಘದ ಅಕ್ಕಂದಿರ ಶಿಫಾರಸಿಗೆ ಆ ಶಕ್ತಿ ಇಲ್ಲ. ನನಗೆ ಕೆಲಸ ಸಿಕ್ಕಿದ್ದು ನಾನು ಇಲಿಗಳ ಪಂಜರ ತೊಳೆದ ಲ್ಯಾಬಿನ ಪ್ರೊಫೆಸರ್ ಕಡೆಯಿಂದ.

ಹಾಗಾಗಿ ನೆಟ್‌ವರ್ಕ್ ಆಗುತ್ತದೆ ಅಂತ ದುಡ್ಡು ಕಟ್ಟುವುದಾದರೆ ಕಟ್ಟಬೇಡಿ. ಆ ನೆಟ್‌ವರ್ಕ್ ಜಾಸ್ತಿ ಕೆಲಸಕ್ಕೆ ಬರುವುದು ಅದಿಲ್ಲದಿದ್ದರೂ ಕೆಲಸ ಸಿಗುವವರಿಗೆ. ಕೆಲಸವೇ ಗುರಿಯಾದರೆ ವೃತ್ತಿಪರ ಫ್ರಾಟರ್ನಿಟಿಗಳಿವೆ, ಅಂದರೆ ಒಂದೇ ವೃತ್ತಿಗೆ ಓದುವವರ ಸಂಘಗಳು. ಬಿಸಿನೆಸ್ ಓದುವವರಿಗೆ ಆಲ್ಫಾ ಕಪ್ಪಾ ಸೈ, ಎಂಜಿನಿಯರಿಂಗಿಗೆ ಥೀಟಾ ಟೌ. ಎರಡೂ 1904ರಲ್ಲಿ ಹುಟ್ಟಿದವು. ಹುಡುಗ ಹುಡುಗಿ ಇಬ್ಬರೂ ಸೇರಬಹುದು, ವಾಸಕ್ಕೆ ದೊಡ್ಡ ಮನೆ, ಊಟದ ಬಿಲ್ಲು ಅಂತ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಕಡೆಯ ಮಕ್ಕಳೇ ಬೇಕೆಂದರೆ ಕಪ್ಪಾ ಫೈ ಗಾಮಾದಂಥ ದಕ್ಷಿಣ ಏಷ್ಯಾದವರ ಸೊರೊರಿಟಿಗಳಿವೆ. ಅದು 1998ರಲ್ಲಿ ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿಯಲ್ಲಿ ಶುರುವಾಯಿತು. ಆದರೆ ಅಷ್ಟು ದೂರ ಹೋಗಿ ಮತ್ತೆ ನಮ್ಮವರನ್ನೇ ಹುಡುಕುವುದು ನನಗಂತೂ ಇಷ್ಟವಿಲ್ಲ.

ಗೆಳತಿಯರಿಗಾಗಿ, ರಜೆಗೊಂದು ಮನೆಗಾಗಿ ಅಂದರೆ ಖಂಡಿತ ಸೇರಲಿ. ಮೊದಲ ಸೆಮಿಸ್ಟರ್ ಮಾತ್ರ ಬೇಡ. ಜನವರಿಯಲ್ಲಿ ಜಾಗ ಖಾಲಿ ಇರುವ ಮನೆಗಳು ದೊಡ್ಡ ಗದ್ದಲವಿಲ್ಲದೆ ಸೇರಿಸಿಕೊಳ್ಳುತ್ತವೆ. ಹೆಸರುವಾಸಿ ಮನೆಗಳು ಆಗ ಸಿಗಲಿಕ್ಕಿಲ್ಲ, ಸಿಗದಿದ್ದರೆ ನಷ್ಟವೇನೂ ಇಲ್ಲ. ಕುಡಿಸಿ ಹಿಂಸೆ ಕೊಡುತ್ತಾರಾ ಅಂತ ನೀವು ಕೇಳಲಿಲ್ಲ, ಕೇಳಬೇಕಿತ್ತು. ನಮ್ಮ ಮನೆಯಲ್ಲಿ ನಡೆಯಲಿಲ್ಲ. ಆದರೆ 2017ರಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯ ಹುಡುಗರ ಒಂದು ಫ್ರಾಟರ್ನಿಟಿಯಲ್ಲಿ ಹೊಸದಾಗಿ ಸೇರಿದ 19ರ ಹುಡುಗನಿಗೆ ಕುಡಿಸಿ, ಅವನು ಮೆಟ್ಟಿಲಿಂದ ಬಿದ್ದ ಮೇಲೂ ಗಂಟೆಗಟ್ಟಲೆ ಆಂಬುಲೆನ್ಸ್ ಕರೆಯದೆ ಅವನು ತೀರಿಕೊಂಡ. 2024ರ ಡಿಸೆಂಬರ್‌ನಲ್ಲಿ ಬಂದ ಕಾನೂನಿನಂತೆ ಯಾವ ಸಂಘ ಇಂಥದ್ದರಲ್ಲಿ ಸಿಕ್ಕಿಬಿತ್ತು ಎಂಬುದನ್ನು ಕಾಲೇಜು ಪ್ರಕಟಿಸಬೇಕು. ಕಾಲೇಜಿನ ವೆಬ್‌ಸೈಟಿನಲ್ಲಿ ಹುಡುಕಿ ಓದಿ.

ದುಡ್ಡಿನ ಮಾತಿಗೆ ಬಂದರೆ, ಮೊದಲ ಸೆಮಿಸ್ಟರೇ ಜಾಸ್ತಿ. ಸೇರ್ಪಡೆ ಶುಲ್ಕ, ಬ್ಯಾಡ್ಜ್, ಟೀ ಶರ್ಟ್ ಎಲ್ಲ ಸೇರಿ ನನಗೆ ಸಾವಿರ ಡಾಲರ್ ದಾಟಿತ್ತು. ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ. ಆಗಸ್ಟ್‌ನ ದೊಡ್ಡ ರಶ್‌ಗೇ ಹೋಗುತ್ತೇನೆ ಅಂತ ಮಗಳು ಹಟ ಹಿಡಿದರೆ, ಕೊನೆಯ ಸುತ್ತಿನ ನಂತರ ಒಂದು ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆ. ಅದರಲ್ಲಿ ತಾನೇ ಬರೆದ ಮನೆಯಿಂದ ಬಿಡ್ ಬಂದು, ಆಮೇಲೆ ಬೇಡ ಅಂದರೆ, ಮುಂದಿನ ವರ್ಷದ ರಶ್ ತನಕ ಆ ಕ್ಯಾಂಪಸ್ಸಿನಲ್ಲಿ ಅದೇ ಸೊರೊರಿಟಿಗಳ ಒಕ್ಕೂಟಕ್ಕೆ ಸೇರಿದ ಬೇರೆ ಮನೆ ಸೇರುವ ಹಾಗಿಲ್ಲ. ಫೀಸಿನ ಪಟ್ಟಿ ನಿಮ್ಮ ಕೈಗೆ ಬರುವವರೆಗೆ ಆ ಸಹಿ ಹಾಕಬಾರದು ಅಂತ ಈಗಲೇ ಹೇಳಿಡಿ.