ಪೈಥಾನ್‌ನಿಂದ ಟೆಸರಾಕ್ಟ್ ಓಡಿಸಿದಾಗ ಕೆಲಸ ಅರ್ಧಕ್ಕೆ ನಿಲ್ಲುವುದೇಕೆ?

ಪ್ರಶ್ನೆ: ನಮ್ಮ ಗ್ರಂಥಾಲಯದ ಹಳೆಯ ಮಾಸಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಉಬುಂಟು (ಲಿನಕ್ಸ್) ಕಂಪ್ಯೂಟರಿನಲ್ಲಿ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸರಾಕ್ಟ್ ಪ್ರೋಗ್ರಾಂ ಬಳಸಿ ಪಠ್ಯವಾಗಿಸುತ್ತಿದ್ದೇನೆ. ಅದನ್ನು ಪೈಥಾನ್‌ನ ‘ಓಎಸ್.ಸಿಸ್ಟಂ’ ಮೂಲಕ ಕರೆದರೆ ‘ಜೂನ್ (ವಿಶೇಷ).ಟಿಫ್’ ಎಂಬಂತಹ ಹೆಸರಿನ ಫೈಲುಗಳು ತೆರೆಯುವುದಿಲ್ಲ, 512 ಎಂಬ ಸಂಖ್ಯೆ ಮಾತ್ರ ಬರುತ್ತದೆ. ಪ್ರೋಗ್ರಾಂ ಓಡಿಸುವ ‘ಪಿಓಪನ್’ ಮತ್ತು ಅದು ಮುಗಿಯುವವರೆಗೆ ಕಾಯುವ ‘ವೇಟ್’ ಬಳಸಿ ನೋಡಿದೆ. ಒಂದೆರಡು ಪುಟದ ಫೈಲು ಸರಿಯಾಗಿ ಮುಗಿಯುತ್ತದೆ, ಇಡೀ ಸಂಚಿಕೆಯನ್ನು ಕೊಟ್ಟರೆ ಯಾವ ದೋಷವನ್ನೂ ತೋರಿಸದೆ ನಿಂತುಬಿಡುತ್ತದೆ. ಇದರ ಬದಲು ‘ಪೈಟೆಸರಾಕ್ಟ್’ ಲೈಬ್ರರಿಯನ್ನು ಬಳಸುವುದು ಒಳಿತೇ?
— ಓದುಗರೊಬ್ಬರು, ಧಾರವಾಡ

ಉತ್ತರ: ತಮ್ಮ ಎರಡು ತೊಂದರೆಗಳಿಗೂ ಟೆಸರಾಕ್ಟ್ ಕಾರಣವಲ್ಲ, ಪೈಥಾನ್ ಮತ್ತು ಅದರ ನಡುವಿನ ಹಾದಿಯಲ್ಲಿ ದೋಷವಿದೆ.

‘ಓಎಸ್.ಸಿಸ್ಟಂ’ ತಾವು ಕೊಟ್ಟ ಸಾಲನ್ನು ನೇರವಾಗಿ ಟೆಸರಾಕ್ಟ್‌ಗೆ ತಲುಪಿಸದೆ ಮೊದಲು ಶೆಲ್‌ನ (ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಂನ) ಕೈಗೆ ಕೊಡುತ್ತದೆ. ಶೆಲ್‌ಗೆ ಖಾಲಿ ಜಾಗವೆಂದರೆ ಎರಡು ಪದಗಳ ನಡುವಿನ ಗಡಿ, ಆವರಣ ಚಿಹ್ನೆಯೆಂದರೆ ತನ್ನದೇ ವ್ಯಾಕರಣದ ಭಾಗ. ಹೀಗಾಗಿ ತಮ್ಮ ಫೈಲಿನ ಹೆಸರನ್ನು ಅದು ವಾಕ್ಯದೋಷವೆಂದು ತಿಳಿದು 2 ಎಂಬ ಸಂಕೇತದೊಂದಿಗೆ ಅಲ್ಲೇ ಕೈಬಿಟ್ಟಿದೆ. ಲಿನಕ್ಸ್‌ನಲ್ಲಿ ಆ ಸಂಕೇತವನ್ನು 256ರಿಂದ ಗುಣಿಸಿದ ರೂಪದಲ್ಲಿ ಹಿಂತಿರುಗಿಸುವುದು ‘ಓಎಸ್.ಸಿಸ್ಟಂ’ನ ಹಳೆಯ ಚಾಳಿಯಾದ್ದರಿಂದ ತಮಗೆ 512 ಕಾಣಿಸಿತು. ಹೆಸರಿನ ನಡುವೆ ಅರ್ಧವಿರಾಮ ಚಿಹ್ನೆಯಿದ್ದರಂತೂ ಅದರ ಮುಂದಿನ ಭಾಗವನ್ನು ಶೆಲ್ ಬೇರೊಂದು ಕಮಾಂಡ್ ಎಂದು ಓಡಿಸಲು ಹೊರಡುತ್ತದೆ. ಇತರರು ಹೆಸರಿಟ್ಟ ಫೈಲುಗಳ ಮಟ್ಟಿಗೆ ಇದು ನಿಜವಾದ ಅಪಾಯ.

ಆದ್ದರಿಂದ ಶೆಲ್ಲನ್ನೇ ನಡುವಿನಿಂದ ತೆಗೆಯಬೇಕು. 2004ರಲ್ಲಿ ಪೈಥಾನ್ 2.4ರೊಡನೆ ಬಂದ ‘ಸಬ್‌ಪ್ರೊಸೆಸ್’ ಮಾಡ್ಯೂಲಿನಲ್ಲಿ, 2015ರ 3.5ನೇ ಆವೃತ್ತಿಯಿಂದ ‘ರನ್’ ಎಂಬ ಸರಳ ಫಂಕ್ಷನ್ ಇದೆ. ಅದಕ್ಕೆ ಇಡೀ ಸಾಲನ್ನು ಕೊಡದೆ ಪ್ರೋಗ್ರಾಂ ಹೆಸರು, ಫೈಲಿನ ಹೆಸರು, ಭಾಷೆಯ ಆಯ್ಕೆ ಹೀಗೆ ಒಂದೊಂದನ್ನೂ ಪಟ್ಟಿಯ ಬೇರೆ ಬೇರೆ ಅಂಶವಾಗಿ ಕೊಟ್ಟರೆ, ಹೆಸರಿನಲ್ಲಿ ಏನೇ ಚಿಹ್ನೆಯಿದ್ದರೂ ಅದು ಹಾಗೆಯೇ ಟೆಸರಾಕ್ಟ್ ತಲುಪುತ್ತದೆ. ‘ಶೆಲ್=ಟ್ರೂ’ ಎಂದು ಮಾತ್ರ ಬರೆಯಬೇಡಿ, ಬರೆದರೆ ಮತ್ತೆ ಮೊದಲಿನ ಜಾಗಕ್ಕೇ ಬಂದಂತಾಗುತ್ತದೆ.

ಎರಡನೆಯ ತೊಂದರೆ ಹೆಚ್ಚು ಸ್ವಾರಸ್ಯಕರವಾದುದು. ತಾವು ಔಟ್‌ಪುಟ್ಟನ್ನು ಪೈಪಿಗೆ (ಒಂದು ಪ್ರೋಗ್ರಾಂನ ಔಟ್‌ಪುಟ್ ಇನ್ನೊಂದಕ್ಕೆ ಹರಿಯುವ ಹಾದಿಗೆ) ತಿರುಗಿಸಿ, ಅದನ್ನು ಓದುವ ಮೊದಲೇ ‘ವೇಟ್’ ಕರೆದಿರಬೇಕು. ಲಿನಕ್ಸ್‌ನಲ್ಲಿ ಒಂದು ಪೈಪು ಸಾಮಾನ್ಯವಾಗಿ 65,536 ಬೈಟುಗಳನ್ನಷ್ಟೇ ಹಿಡಿಯುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರ ಸಂಕೇತಕ್ಕೂ 3 ಬೈಟು ಬೇಕು. ‘ಕನ್ನಡ’ ಎಂಬ ಪದದಲ್ಲಿ ನಡುವಿನ ಹಲಂತವೂ ಸೇರಿ 5 ಸಂಕೇತಗಳಿರುವುದರಿಂದ ಅದು 15 ಬೈಟು, ಪಕ್ಕದ ಖಾಲಿ ಜಾಗ ಸೇರಿದರೆ 16. ಅಂದರೆ ಇದೊಂದೇ ಪದವನ್ನು 4,096 ಸಲ ಬರೆದರೆ ಪೈಪು ತುಂಬಿಹೋಗುತ್ತದೆ, ಮತ್ತು ಮಾಸಪತ್ರಿಕೆಯ ಒಂದು ಸಂಚಿಕೆ ಆ ಗಡಿಯನ್ನು ಸುಲಭವಾಗಿ ದಾಟುತ್ತದೆ. ಇಂಗ್ಲಿಷ್ ಪಠ್ಯವಾಗಿದ್ದರೆ ಇದೇ ತಪ್ಪು ಇನ್ನಷ್ಟು ಪುಟಗಳವರೆಗೆ ಬಯಲಾಗದೆ ಉಳಿಯುತ್ತಿತ್ತು. ಪೈಪು ತುಂಬಿದ ಮೇಲೆ ಜಾಗವಾಗಲೆಂದು ಟೆಸರಾಕ್ಟ್ ಕಾಯುತ್ತದೆ, ಟೆಸರಾಕ್ಟ್ ಮುಗಿಯಲೆಂದು ಪೈಥಾನ್ ಕಾಯುತ್ತದೆ, ಇಬ್ಬರಿಗೂ ಬಿಡುಗಡೆಯಿಲ್ಲ. ‘ರನ್’ನೊಂದಿಗೆ ‘ಕ್ಯಾಪ್ಚರ್_ಔಟ್‌ಪುಟ್=ಟ್ರೂ’ ಎಂದು ಕೊಟ್ಟರೆ (ಇದು 3.7ರಿಂದ ಲಭ್ಯ) ಪ್ರೋಗ್ರಾಂ ಓಡುತ್ತಿರುವಾಗಲೇ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಪೈಥಾನ್ ಓದುತ್ತಾ ಹೋಗುತ್ತದೆ. ‘ಪಿಓಪನ್’ ಅನ್ನೇ ಉಳಿಸಿಕೊಳ್ಳುವುದಾದರೆ ‘ವೇಟ್’ ಬದಲು ‘ಕಮ್ಯುನಿಕೇಟ್’ ಬಳಸಿ. ಜೊತೆಗೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯಿರಿ. ಇಲ್ಲವಾದರೆ ಮುಂದೊಮ್ಮೆ ಇದೇ ಪ್ರೋಗ್ರಾಂ ಅನ್ನು ವಿಂಡೋಸ್‌ನಲ್ಲಿ ಓಡಿಸಿದಾಗ ಕನ್ನಡ ಅಕ್ಷರಗಳು ಕೆಡಬಹುದು.

ಪೈಟೆಸರಾಕ್ಟ್ ಬಳಸಲು ಅಡ್ಡಿಯಿಲ್ಲ, ಆದರೆ ಅದೂ ಒಳಗೊಳಗೆ ಇದೇ ‘ಸಬ್‌ಪ್ರೊಸೆಸ್’ ಮೂಲಕ ಟೆಸರಾಕ್ಟ್ ಪ್ರೋಗ್ರಾಂ ಅನ್ನೇ ಓಡಿಸುತ್ತದೆ. ಹೊರಗಿನ ಪ್ರೋಗ್ರಾಂ ಕರೆಯುವುದು ಕೀಳು ದರ್ಜೆಯ ಕೆಲಸವೆಂಬ ಭಾವನೆ ಕೆಲವರಲ್ಲಿದೆ, ನನಗೆ ಅದು ಒಪ್ಪಿಗೆಯಿಲ್ಲ. ಅಕ್ಷರ ಗುರುತಿಸುವಂತಹ ದೊಡ್ಡ ಕೆಲಸಕ್ಕೆ ಕರೆಯುವುದೇ ಸರಿ. ಫೋಲ್ಡರ್ ಸೃಷ್ಟಿಸಲು, ಫೈಲು ಸ್ಥಳಾಂತರಿಸಲು ಮಾತ್ರ ಕರೆಯಬೇಕಾಗಿಲ್ಲ, ಅದಕ್ಕೆ ಪೈಥಾನ್‌ನ ‘ಪಾತ್‌ಲಿಬ್’ ಮತ್ತು ‘ಷುಟಿಲ್’ ಇವೆ.

ಕೊನೆಯದಾಗಿ, ‘ಚೆಕ್=ಟ್ರೂ’ ಎಂದು ಸೇರಿಸಿದರೆ ಟೆಸರಾಕ್ಟ್ ಸೋತಾಗ ಪೈಥಾನ್ ದೋಷವನ್ನು ಎತ್ತಿ ತೋರಿಸುತ್ತದೆ. ಒಂದು ಕೆಟ್ಟ ಸ್ಕ್ಯಾನ್‌ನಿಂದ ಇಡೀ ರಾತ್ರಿಯ ಕೆಲಸ ನಿಲ್ಲದಂತೆ ಆ ದೋಷವನ್ನು ಅಲ್ಲೇ ಹಿಡಿದು, ಫೈಲಿನ ಹೆಸರನ್ನೂ ಎರರ್ ಸಂದೇಶವನ್ನೂ ಲಾಗ್‌ನಲ್ಲಿ ಬರೆದು ಮುಂದಿನದಕ್ಕೆ ಹೋಗುವಂತೆ ಮಾಡಿಕೊಳ್ಳಿ. ಹಿಂತಿರುಗುವ ಸಂಖ್ಯೆ -9 ಎಂದಿದ್ದರೆ ಟೆಸರಾಕ್ಟನ್ನು ಹೊರಗಿನಿಂದ ಬಲವಂತವಾಗಿ ನಿಲ್ಲಿಸಲಾಗಿದೆ ಎಂದರ್ಥ. ಬಹುಮಟ್ಟಿಗೆ ಮೆಮೊರಿ ಸಾಲದೆ ಲಿನಕ್ಸ್‌ನ ಮೂಲಭಾಗವಾದ ಕರ್ನೆಲ್ಲೇ ಹಾಗೆ ಮಾಡಿರುತ್ತದೆ, ಆಗ ಆ ಸಂಚಿಕೆಯನ್ನು ಬಿಡಿಬಿಡಿ ಪುಟಗಳಾಗಿ ಕೊಟ್ಟು ನೋಡಿ.