ನನಗಿನ್ನೂ 18 ಆಗಿಲ್ಲ. ಚೆಸ್‌ನಲ್ಲಿ ನನಗಿಂತ 500 ರೇಟಿಂಗ್ ಹೆಚ್ಚಿರುವವರ ಎದುರು ಕಾಯಿಗೆ ಕಾಯಿ ಬದಲಾಯಿಸುತ್ತ ಹೋದರೆ ಡ್ರಾ ಸಿಗುತ್ತದೆಯೇ?

ಸಿಗುವುದಿಲ್ಲ. ನಾನೂ ಇದೇ ಲೆಕ್ಕ ಹಾಕಿಕೊಂಡು ಗದಗದಿಂದ ಬೆಳಗಿನ ರೈಲು ಹತ್ತಿ ಹುಬ್ಬಳ್ಳಿಯ ಟೂರ್ನಿಗೆ ಹೋಗಿದ್ದೆ. ನನ್ನ ರೇಟಿಂಗ್ 1450, ಎದುರು ಕೂತ ಕಾಕಾ ಅವರದು 1960. ಸ್ವಿಸ್ ಪದ್ಧತಿಯ ಮೊದಲ ಸುತ್ತಿನಲ್ಲಿ ರೇಟಿಂಗ್ ಪಟ್ಟಿಯ ಮೇಲಿನ ಅರ್ಧಕ್ಕೆ ಕೆಳಗಿನ ಅರ್ಧವನ್ನು ಜೋಡಿಸುತ್ತಾರೆ, ಇಂಥ ಜೋಡಿ ಬಂದೇ ಬರುತ್ತದೆ.

ರಾಣಿಗೆ ರಾಣಿ, ಒಂಟೆಗೆ ಒಂಟೆ, ಆನೆಗೆ ಆನೆ ಕೊಟ್ಟೆ. ಪ್ರತಿ ಸಲ ಮೊದಲು ಹೊಡೆದವನು ನಾನು. ತಿರುಗಿ ಹೊಡೆದ ಅವರ ಕಾಯಿ ಇನ್ನೂ ಒಳ್ಳೆಯ ಮನೆಗೆ ಬಂದು ಕೂರುತ್ತಿತ್ತು. ಅಷ್ಟರಲ್ಲಿ ಒಂದು ಪ್ಯಾದೆಯೂ ಹೋಯಿತು. ಕೊನೆಗೆ ಉಳಿದದ್ದು ಮೂರೇ ಕಾಯಿ: ಅವರ ಬಿಳಿ ರಾಜ ಇ5 ಮನೆಯಲ್ಲಿ, ಪ್ಯಾದೆ ಇ6ರಲ್ಲಿ, ನನ್ನ ರಾಜ ಇ7ರಲ್ಲಿ. ನಡೆ ನನ್ನದು, ಆಟ ಇನ್ನೂ ಡ್ರಾ.

ಇಲ್ಲಿ ಸೀದಾ ಹಿಂದಕ್ಕೆ, ಇ8ಕ್ಕೇ ಸರಿಯಬೇಕು. ಅವರ ರಾಜ ಡಿ6ಕ್ಕೆ ಬಂದರೆ ನಾನು ಡಿ8, ಎಫ್6ಕ್ಕೆ ಬಂದರೆ ಎಫ್8. ರಾಜನಿಗೆ ರಾಜ ಎದುರು ನಿಲ್ಲಬೇಕು. ಪ್ಯಾದೆ ಇ7ಕ್ಕೆ ಬಂದು ಚೆಕ್ ಕೊಟ್ಟರೆ ಮತ್ತೆ ಇ8. ಆಗ ಅವರು ಪ್ಯಾದೆ ಕಾಯಲು ಇ6ಕ್ಕೆ ಬಂದರೆ ಸ್ಟೇಲ್‌ಮೇಟ್ (ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ, ಆಟ ಡ್ರಾ), ಬರದಿದ್ದರೆ ಪ್ಯಾದೆ ನನ್ನದು. ನಾನು ಆಡಿದ್ದು ಡಿ8. ಪ್ರತಿ ನಡೆಗೆ 30 ಸೆಕೆಂಡು ಸೇರುತ್ತಿತ್ತು, ಸಮಯದ ಅಡಚಣೆ ಇರಲಿಲ್ಲ. ಇನ್ನೇನು ಮುಗಿಯಿತು ಎಂದು ಕೈ ಮುಂದಾಯಿತು. ಅವರು ಡಿ6ಕ್ಕೆ ಬಂದರು. ಎದುರು ನಿಲ್ಲುವ ಸರದಿ ಈಗ ಅವರದಾಗಿತ್ತು. ನಾನು ಇ8, ಅವರ ಪ್ಯಾದೆ ಇ7, ನಾನು ಎಫ್7, ಅವರ ರಾಜ ಡಿ7. ಮುಂದಿನದು ರಾಣಿ.

ಆಟದ ಹಾಳೆಗೆ ಸಹಿ ಹಾಕುವಾಗ ಕಾಕಾ, “ಸೀದಾ ಹಿಂದಕ್ಕ ಸರದಿದ್ರ ಡ್ರಾ ಇತ್ತಲ್ಲೋ ತಮ್ಮಾ” ಅಂದರು. ಗದಗ ಮುಟ್ಟುವವರೆಗೂ ಆ ಇ8 ಮನೆಯೇ ಕಣ್ಣ ಮುಂದಿತ್ತು.

ಕಾಯಿ ಕಡಿಮೆಯಾದಷ್ಟೂ ಸರಿಯಾದ ನಡೆ ಒಂದೇ ಉಳಿಯುತ್ತದೆ, ಅದು ಹೆಚ್ಚು ರೇಟಿಂಗ್‌ನವರಿಗೆ ಬಾಯಿಪಾಠ. ಅಷ್ಟಕ್ಕೂ ಡ್ರಾಕ್ಕೇ ಯಾಕೆ ಆಸೆಪಡುತ್ತೀರಿ? ನಿಮಗಿನ್ನೂ 18 ಆಗಿಲ್ಲ ಎಂದಿದ್ದೀರಿ, ಅಂದರೆ ನಿಮ್ಮ ಕೆ ಅಂಶ (ರೇಟಿಂಗ್ ಎಷ್ಟು ಏರಿಳಿಯಬೇಕೆಂದು ಲೆಕ್ಕ ಹಾಕುವ ಗುಣಕ) 40. ನಿಮ್ಮ ಮಟ್ಟದಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ 400ಕ್ಕಿಂತ ಹೆಚ್ಚಿನ ರೇಟಿಂಗ್ ಅಂತರವನ್ನು 400 ಎಂದೇ ಎಣಿಸುತ್ತದೆ. ಸೋತರೆ ರೇಟಿಂಗ್‌ನಿಂದ ಹೋಗುವುದು 3.2, ಗೆದ್ದರೆ ಬರುವುದು 36.8. ರಾಣಿ, ಕುದುರೆಗಳನ್ನು ಹಲಗೆಯ ಮೇಲೇ ಇಟ್ಟುಕೊಂಡು ಗೆಲ್ಲಲಿಕ್ಕೇ ಆಡಿ.

ಇವತ್ತು ರಾತ್ರಿ ಓಪನಿಂಗ್ (ಆಟದ ಆರಂಭದ ನಡೆಗಳು) ಓದಬೇಡಿ. ಮನೆಯಲ್ಲಿ ಯಾರನ್ನಾದರೂ ಎದುರು ಕೂರಿಸಿಕೊಂಡು ಆ ಮೂರು ಕಾಯಿ ಇಟ್ಟು ಆಡಿ, ಆಮೇಲೆ ಹಲಗೆ ತಿರುಗಿಸಿ ಇನ್ನೊಮ್ಮೆ ಆಡಿ.