ಡ್ರೈವರ್‌ನಲ್ಲಿ ಆಪ್ಷನಲ್ ಕ್ಲಾಕ್, ರೀಸೆಟ್, ಇಂಟರಪ್ಟ್ ಸಿಗದಿದ್ದರೆ ಏನು ರಿಟರ್ನ್ ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಒಂದೇ ಸೆನ್ಸರ್ ಚಿಪ್ ಬೇರೆ ಬೇರೆ ಬೋರ್ಡ್‌ಗಳಲ್ಲಿದೆ. ಒಂದರಲ್ಲಿ ರೀಸೆಟ್ ಲೈನ್ ಜಿಪಿಐಒಗೆ (ಸಾಫ್ಟ್‌ವೇರ್‌ನಿಂದ ನಿಯಂತ್ರಿಸುವ ಪಿನ್) ಸೇರಿದೆ, ಇನ್ನೊಂದರಲ್ಲಿ ಇಲ್ಲ. ಕ್ಲಾಕ್, ಇಂಟರಪ್ಟ್ ಕಥೆಯೂ ಅಷ್ಟೇ. ಪ್ರೋಬ್‌ನಲ್ಲಿ (ಡಿವೈಸ್ ಸಿಕ್ಕಾಗ ಅದನ್ನು ಸಿದ್ಧಮಾಡಲು ಕರ್ನಲ್ ಕರೆಯುವ ಡ್ರೈವರ್ ಫಂಕ್ಷನ್) ಯಾವ ಎರರ್ ಬಂದರೂ ‘ಆಪ್ಷನಲ್ ತಾನೇ’ ಅಂತ ಬಿಟ್ಟು ಮುಂದೆ ಹೋಗುತ್ತಿದ್ದೀರಿ. ಕೆಲವು ಸಲ ಬೂಟ್ ಆದಾಗ ಚಿಪ್ ಸಿಗುತ್ತದೆ, ಕೆಲವು ಸಲ ಇಲ್ಲ. ಈಗ ಸ್ವಂತ ಹೆಲ್ಪರ್ ಫಂಕ್ಷನ್ ಬರೆಯುವಾಗ ನಲ್ (ಖಾಲಿ ಪಾಯಿಂಟರ್) ಕೊಡಬೇಕಾ, ಎರರ್ ಕೋಡ್ ಕೊಡಬೇಕಾ ಎಂದು ಕೇಳಿದ್ದೀರಿ. ಲಿನಕ್ಸ್ ಕರ್ನಲ್ ಇಟ್ಟುಕೊಂಡೇ ಉತ್ತರಿಸುತ್ತೇನೆ.

ನಲ್ ಕೊಡಿ. ಆದರೆ ಒಂದೇ ಒಂದು ಸಂದರ್ಭಕ್ಕೆ: ಆ ವಸ್ತು ಈ ಬೋರ್ಡ್‌ನಲ್ಲಿ ಇದೆ ಎಂದು ಡಿವೈಸ್ ಟ್ರೀ (ಬೋರ್ಡ್‌ನ ಹಾರ್ಡ್‌ವೇರನ್ನು ಕರ್ನಲ್‌ಗೆ ವಿವರಿಸುವ ಫೈಲ್) ಹೇಳಿಯೇ ಇಲ್ಲದಿದ್ದಾಗ. ಉಳಿದ ಎಲ್ಲ ಎರರ್‌ಗಳೂ ಇದ್ದ ಹಾಗೇ ಮೇಲಕ್ಕೆ ಹೋಗಬೇಕು. ‘ಇಲ್ಲ’ ಬೇರೆ, ‘ಇದೆ ಆದರೆ ಸಿಗಲಿಲ್ಲ’ ಬೇರೆ. ನಿಮ್ಮ ಕೋಡ್‌ನಲ್ಲಿ ಇವೆರಡೂ ಒಂದಾಗಿಬಿಟ್ಟಿವೆ. ಒಮ್ಮೆ ಸರಿ, ಒಮ್ಮೆ ತಪ್ಪು ಆಗುತ್ತಿರುವುದಕ್ಕೆ ಬಹುತೇಕ ಅದೇ ಕಾರಣ.

ಒಂದು ಬೂಟ್ ಒಳಗೆ ಏನಾಗುತ್ತದೆ ನೋಡಿ. ರೀಸೆಟ್ ಲೈನ್ ಐ2ಸಿ ಬಸ್ ಮೇಲಿನ ಜಿಪಿಐಒ ಎಕ್ಸ್‌ಪ್ಯಾಂಡರ್‌ಗೆ (ಹೆಚ್ಚುವರಿ ಪಿನ್ ಕೊಡುವ ಚಿಪ್) ಸೇರಿದೆ ಅಂದುಕೊಳ್ಳಿ. ನಿಮ್ಮ ಡ್ರೈವರ್‌ನ ಪ್ರೋಬ್ ಓಡುವ ಹೊತ್ತಿಗೆ ಎಕ್ಸ್‌ಪ್ಯಾಂಡರ್‌ನ ಡ್ರೈವರ್ ಇನ್ನೂ ಲೋಡ್ ಆಗಿಲ್ಲ. ಆಗ ಕರ್ನಲ್ -517 ಕೊಡುತ್ತದೆ, ಅದೇ ಪ್ರೋಬ್ ಡಿಫರ್. ‘ಲೈನ್ ಇದೆ, ಅದನ್ನು ಕೊಡುವವರು ಇನ್ನೂ ಬಂದಿಲ್ಲ, ಆಮೇಲೆ ಬಾ’ ಎಂದು ಅದರ ಅರ್ಥ. ನೀವು ಅದನ್ನು ನುಂಗಿ ಮುಂದೆ ಹೋಗುತ್ತೀರಿ. ಚಿಪ್ ರೀಸೆಟ್‌ನಲ್ಲೇ ಕೂತಿದೆ. ಮೊದಲ ರಿಜಿಸ್ಟರ್ ಓದಲು ಹೋದರೆ ಉತ್ತರವೇ ಬರುವುದಿಲ್ಲ, ಪ್ರೋಬ್ ಬೇರೆ ಯಾವುದೋ ಎರರ್ ಕೊಟ್ಟು ನಿಲ್ಲುತ್ತದೆ. ಅದೇ -517 ಅನ್ನು ಮೇಲಕ್ಕೆ ಕಳಿಸಿದ್ದರೆ ಡ್ರೈವರ್ ಕೋರ್ ನಿಮ್ಮ ಡಿವೈಸನ್ನು ಕಾಯುವ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಎಕ್ಸ್‌ಪ್ಯಾಂಡರ್ ಬಂದ ಮೇಲೆ ಪ್ರೋಬನ್ನು ಮತ್ತೆ ಓಡಿಸುತ್ತಿತ್ತು. ಎಕ್ಸ್‌ಪ್ಯಾಂಡರ್ ಮೊದಲೇ ಲೋಡ್ ಆದ ಬೂಟ್‌ಗಳಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ಹಾಗಾಗಿಯೇ ಇದು ಟೆಸ್ಟ್‌ನಲ್ಲಿ ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ.

ಕರ್ನಲ್‌ನಲ್ಲಿ ಇದಕ್ಕೆ ಒಳ್ಳೆಯ ಪದ್ಧತಿ ಈಗಾಗಲೇ ಇದೆ. ಕ್ಲಾಕ್‌ಗೆ, ಜಿಪಿಐಒಗೆ, ರೀಸೆಟ್ ಕಂಟ್ರೋಲರ್‌ಗೆ, ಫೈಗೆ (ಹೊರಗಿನ ಲೈನ್‌ನ ಸಿಗ್ನಲ್ ನೋಡಿಕೊಳ್ಳುವ ಹಾರ್ಡ್‌ವೇರ್ ಭಾಗ) ಹೆಸರಲ್ಲೇ ‘ಆಪ್ಷನಲ್’ ಇರುವ ಗೆಟ್ ಫಂಕ್ಷನ್‌ಗಳಿವೆ. ಉದಾಹರಣೆಗೆ ಕ್ಲಾಕ್‌ನದ್ದು ಒಳಗೆ -2 ಬಂದರೆ, ಅಂದರೆ ‘ಅಂಥದ್ದು ಇಲ್ಲ’ ಎಂದಾದರೆ ಮಾತ್ರ, ನಲ್ ಕೊಡುತ್ತದೆ. ಬೇರೇನೇ ಬಂದರೂ ಎರರ್ ಪಾಯಿಂಟರ್, ಅಂದರೆ ಎರರ್ ಕೋಡನ್ನೇ ಒಳಗಿಟ್ಟುಕೊಂಡ ಪಾಯಿಂಟರ್. ಅದಕ್ಕಿಂತ ಮುಖ್ಯವಾದದ್ದು ಆಮೇಲಿನ ಹೆಜ್ಜೆ. ನಲ್ ಕ್ಲಾಕನ್ನು ಎನೇಬಲ್ ಮಾಡಿದರೆ ಏನೂ ಮಾಡದೆ 0 ವಾಪಸ್ ಬರುತ್ತದೆ. ನಲ್ ರೀಸೆಟ್‌ಗೂ ಹಾಗೇ. ಆದ್ದರಿಂದ ಡ್ರೈವರ್ ಉದ್ದಕ್ಕೂ ‘ಕ್ಲಾಕ್ ಇದ್ದರೆ ಹೀಗೆ’ ಎಂಬ ಇಫ್‌ಗಳನ್ನು ಚೆಲ್ಲಬೇಕಿಲ್ಲ. ಪ್ರೋಬ್‌ನಲ್ಲಿ ಒಂದು ಚೆಕ್ ಸಾಕು, ಸಸ್ಪೆಂಡ್ ಮತ್ತು ರೆಸ್ಯೂಮ್ ಕೋಡ್ ಎರಡೂ ಬೋರ್ಡ್‌ಗೆ ಒಂದೇ. ನನಗೆ ಈ ಪದ್ಧತಿ ತುಂಬಾ ಇಷ್ಟ. ಇಲ್ಲದಿರುವುದು ತಪ್ಪಲ್ಲ ಎಂದು ಒಪ್ಪಿಕೊಂಡ ಮೇಲೆ ಕೋಡ್ ಎಷ್ಟು ಹಗುರ ಆಗುತ್ತದೆ ಎಂಬುದನ್ನು ಒಮ್ಮೆ ಬರೆದು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ನಿಮ್ಮ ಹೆಲ್ಪರ್‌ಗೂ ಇದೇ ಕರಾರು ಇರಲಿ. ಆಪ್ಷನಲ್ ರೂಪ ಮೂರು ಉತ್ತರ ಕೊಡಬಹುದು: ಸರಿಯಾದ ಪಾಯಿಂಟರ್, ನಲ್, ಎರರ್ ಪಾಯಿಂಟರ್. ಕಡ್ಡಾಯದ ರೂಪ ನಲ್ ಅನ್ನು ಎಂದಿಗೂ ಕೊಡಬಾರದು. ಕರೆಯುವವರು ‘ಎರರ್ ಹೌದಾ’ ಎಂದಷ್ಟೇ ಕೇಳಬೇಕು. ‘ಎರರ್ ಅಥವಾ ನಲ್’ ಎಂದು ಒಟ್ಟಿಗೆ ಕೇಳುವ ಮ್ಯಾಕ್ರೋ ಕಂಡರೆ ನಾನು ರಿವ್ಯೂನಲ್ಲಿ ಅಲ್ಲೇ ನಿಲ್ಲುತ್ತೇನೆ. ಯಾಕೆ ಅಂದರೆ, ಆ ಚೆಕ್ ಆದ ಮೇಲೆ ಜನ ಸಾಮಾನ್ಯವಾಗಿ ಪಾಯಿಂಟರಿನಿಂದ ಎರರ್ ಕೋಡ್ ತೆಗೆದು ರಿಟರ್ನ್ ಮಾಡುತ್ತಾರೆ. ನಲ್‌ನಿಂದ ತೆಗೆದರೆ ಬರುವುದು 0. ಪ್ರೋಬ್ 0 ಕೊಟ್ಟರೆ ಕರ್ನಲ್ ಪಾಲಿಗೆ ಅದು ಗೆಲುವು. ಅರ್ಧಕ್ಕೇ ನಿಂತ ಡಿವೈಸ್ ಡ್ರೈವರ್‌ಗೆ ಬೈಂಡ್ ಆಗಿ ಕೂರುತ್ತದೆ. ಡ್ರೈವರ್ ಡೇಟಾ ಸೆಟ್ ಆಗಿರುವುದಿಲ್ಲ. ಆಮೇಲೆ ಯಾವಾಗಲೋ ಸಸ್ಪೆಂಡ್ ಆಗುವಾಗ ಕರ್ನಲ್ ಬೀಳುತ್ತದೆ. ಆಗ ಲಾಗ್‌ನಲ್ಲಿ ಕಾಣುವುದು ಸಸ್ಪೆಂಡ್ ಫಂಕ್ಷನ್, ಪ್ರೋಬ್ ಅಲ್ಲ.

ಆದರೆ ‘ನಲ್ ಬಂದರೆ ಏನೂ ಮಾಡಬೇಡ’ ಎಂಬುದು ಎಲ್ಲ ಕಡೆ ನಿಜ ಹೇಳುವುದಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಎನೇಬಲ್ ಮಾಡು, ರೀಸೆಟ್ ಬಿಡು ಎಂಬಂಥ ಆದೇಶಗಳಿಗೆ ಸರಿ. ಏನಾದರೂ ಕೇಳುವ ಫಂಕ್ಷನ್‌ಗಳಿಗೆ ಸರಿಯಲ್ಲ. ನಲ್ ಕ್ಲಾಕಿನ ರೇಟ್ ಕೇಳಿದರೆ 0 ಬರುತ್ತದೆ. ನೀವು ಅದರಿಂದ ಭಾಗಿಸಿ ಡಿವೈಡರ್ ಲೆಕ್ಕ ಹಾಕುತ್ತಿದ್ದರೆ ಸೊನ್ನೆಯಿಂದ ಭಾಗಿಸಿದ ಹಾಗೆ ಆಯಿತು. ಅಲ್ಲಿ ರೇಟ್ ಬೇರೆ ಕಡೆಯಿಂದ ಬರಬೇಕು, ಉದಾಹರಣೆಗೆ ಡಿವೈಸ್ ಟ್ರೀಯ ‘ಕ್ಲಾಕ್-ಫ್ರೀಕ್ವೆನ್ಸಿ’ ಪ್ರಾಪರ್ಟಿಯಿಂದ. ಅದೂ ಇಲ್ಲವಾ, ಪ್ರೋಬ್ ಫೇಲ್ ಆಗಲಿ. ಇನ್ನೊಂದು ಉದಾಹರಣೆ: ನಲ್ ಜಿಪಿಐಒದ ಬೆಲೆ ಓದಿದರೂ 0. ಅದು ಕಾರ್ಡ್ ಡಿಟೆಕ್ಟ್ ಲೈನ್ ಆಗಿದ್ದರೆ ಆ ಸೊನ್ನೆಯ ಅರ್ಥ ‘ಕಾರ್ಡ್ ಇಲ್ಲ’ ಎಂದಾಗುತ್ತದೆ. ಲೈನೇ ಇಲ್ಲದ ಬೋರ್ಡ್‌ನಲ್ಲಿ ಕಾರ್ಡ್ ಹಾಕಿದ್ದರೂ ‘ಇಲ್ಲ’ ಅನ್ನುವ ಡ್ರೈವರ್ ಸುಳ್ಳು ಹೇಳಿದ ಹಾಗೆ ಅಲ್ವಾ? ಮೆಮೊರಿ ಕಾರ್ಡ್‌ಗಳನ್ನು ನೋಡಿಕೊಳ್ಳುವ ಎಂಎಂಸಿ ಕೋರ್ ಇಲ್ಲಿ ಜಾಣತನ ತೋರಿಸಿದೆ. ಡಿಟೆಕ್ಟ್ ಜಿಪಿಐಒ ಇಲ್ಲದಿದ್ದರೆ ಅದರ ಹೆಲ್ಪರ್ ಸೊನ್ನೆ ಕೊಡದೆ ಎರರ್ ಕೋಡ್ ಕೊಡುತ್ತದೆ, ‘ನನಗೆ ಹೇಳಲು ಆಗದು’ ಎಂಬ ಅರ್ಥದಲ್ಲಿ. ನಿಮ್ಮ ಹೆಲ್ಪರ್ ಯಾವುದನ್ನಾದರೂ ಓದಿ ಹೇಳುತ್ತಿದ್ದರೆ ಹಾಗೇ ಮಾಡಿ.

ಇಂಟರಪ್ಟ್ ವಿಷಯದಲ್ಲಿ ಹೆಸರನ್ನು ನಂಬಬೇಡಿ. ‘ಪ್ಲಾಟ್‌ಫಾರ್ಮ್_ಗೆಟ್_ಐಆರ್‌ಕ್ಯೂ_ಆಪ್ಷನಲ್’ ಇದೆಯಲ್ಲ, ಅದು ಇಲ್ಲದಿದ್ದಾಗ ಸೊನ್ನೆ ಕೊಡುವುದಿಲ್ಲ, -6 ಕೊಡುತ್ತದೆ. ಆಪ್ಷನಲ್ ಅಲ್ಲದ ಫಂಕ್ಷನ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇದು ಲಾಗ್‌ನಲ್ಲಿ ಎರರ್ ಮೆಸೇಜ್ ಹಾಕುವುದಿಲ್ಲ. ಹಾಗಾಗಿ -6 ಬಂದರೆ ಪೋಲಿಂಗ್‌ಗೆ (ಚಿಪ್ಪನ್ನು ಡ್ರೈವರೇ ಆಗಾಗ ಕೇಳಿ ನೋಡುವುದು) ಹೋಗಿ, ಉಳಿದ ಋಣ ಸಂಖ್ಯೆ ಏನೇ ಬಂದರೂ ವಾಪಸ್ ಕಳಿಸಿ. ಇದನ್ನು ಕ್ಲಾಕ್ ಥರ ಏಕೆ ಮಾಡಲಾಗದು ಅಂದರೆ, ಏನೂ ಮಾಡದ ಡಮ್ಮಿ ಇಂಟರಪ್ಟ್ ಅಂತ ಒಂದು ಇಲ್ಲ. ಇಂಟರಪ್ಟ್ ಇಲ್ಲದಿದ್ದರೆ ಡ್ರೈವರ್ ನಡೆಯುವ ರೀತಿಯೇ ಬದಲಾಗಬೇಕು. ಆ ಇಫ್ ಅಲ್ಲಿ ಬೇಕೇ ಬೇಕು.

ಚಿಪ್‌ಗೆ ವಿದ್ಯುತ್ ಕೊಡುವ ರೆಗ್ಯುಲೇಟರ್‌ನದ್ದು ಇನ್ನೂ ಉಲ್ಟಾ, ತುಂಬಾ ಜನ ಇಲ್ಲಿ ಎಡವುತ್ತಾರೆ. ಡಿವೈಸ್ ಟ್ರೀಯಲ್ಲಿ ಸಪ್ಲೈ ಬರೆದಿಲ್ಲದಿದ್ದರೆ ಸಾಮಾನ್ಯ ರೆಗ್ಯುಲೇಟರ್ ಗೆಟ್ ಒಂದು ಡಮ್ಮಿ ರೆಗ್ಯುಲೇಟರ್ ಕೊಡುತ್ತದೆ. ಅದಕ್ಕೆ ನ್ಯಾಯ ಇದೆ: ಚಿಪ್ ಓಡುತ್ತಿದೆ ಅಂದರೆ ಎಲ್ಲಿಂದಲೋ ಕರೆಂಟ್ ಬರುತ್ತಲೇ ಇದೆ, ಯಾರೂ ಬರೆದಿಲ್ಲ ಅಷ್ಟೇ. ಆಪ್ಷನಲ್ ರೂಪ ಮಾತ್ರ -19 ಕೊಡುತ್ತದೆ, ನಲ್ ಅಲ್ಲ. ಅದು ಇರುವುದು ನಿಜಕ್ಕೂ ಆ ಪಿನ್‌ಗೆ ಏನೂ ಸೇರಿಸದೆ ಬಿಡಬಹುದಾದ ಸಪ್ಲೈಗಳಿಗೆ. ಎಡಿಸಿಯ (ವೋಲ್ಟೇಜನ್ನು ಸಂಖ್ಯೆಯಾಗಿ ಬದಲಿಸುವ ಚಿಪ್) ಹೊರಗಿನ ರೆಫರೆನ್ಸ್ ವೋಲ್ಟೇಜ್ ತೆಗೆದುಕೊಳ್ಳಿ. ಅದು ಇಲ್ಲದಿದ್ದರೆ ಒಳಗಿನ ರೆಫರೆನ್ಸ್ ಆನ್ ಮಾಡಬೇಕು, ಆದ್ದರಿಂದ ‘ಇಲ್ಲ’ ಎಂಬುದು ಡ್ರೈವರ್‌ಗೆ ಗೊತ್ತಾಗಲೇಬೇಕು. ನಿಮ್ಮ ಸೆನ್ಸರ್‌ನ ಮುಖ್ಯ ಸಪ್ಲೈಗೆ ಸಾಮಾನ್ಯ ಗೆಟ್ ಸಾಕು.

ಅಂದರೆ ನಿಮ್ಮ ಕರಾರು ನಿರ್ಧರಿಸುವ ಮುಂಚೆ ಕೇಳಿಕೊಳ್ಳಬೇಕಾದದ್ದು ಇದು: ಆ ವಸ್ತು ಇಲ್ಲದಿದ್ದರೆ ಡ್ರೈವರ್ ಬೇರೆ ಥರ ನಡೆಯಬೇಕಾ? ಬೇಡವಾದರೆ ನಲ್, ಮತ್ತು ನಲ್ ಒಪ್ಪಿಕೊಳ್ಳುವ ಫಂಕ್ಷನ್‌ಗಳು. ಬೇಕಾದರೆ ಅದಕ್ಕೆ ಅಂತ ಒಂದೇ ಕೋಡ್ ಮೀಸಲಿಡಿ, ಆ ಕೋಡ್ ಬೇರೆ ಕಾರಣಕ್ಕೆ ಒಳಗಿನಿಂದ ಬರದ ಹಾಗೆ ನೋಡಿಕೊಳ್ಳಿ. ಫಂಕ್ಷನ್ ಮೇಲಿನ ಕಮೆಂಟ್‌ನಲ್ಲಿ ಇದನ್ನು ಬರೆದಿಡಿ. ಕರ್ನಲ್‌ನಲ್ಲೇ ಒಂದು ಕಡೆ -2, ಒಂದು ಕಡೆ -6, ಒಂದು ಕಡೆ -19 ಇರುವಾಗ ಓದುವವರು ಊಹಿಸಲಿ ಅಂತ ಬಿಡುವುದು ಸರಿಯಲ್ಲ.

ಆಪ್ಷನಲ್ ಮಾಡುವುದಕ್ಕೆ ಒಂದು ಬೆಲೆಯೂ ಇದೆ. ಡಿವೈಸ್ ಟ್ರೀಯಲ್ಲಿ ‘ರೀಸೆಟ್-ಜಿಪಿಐಒಸ್’ ಎಂಬುದರಲ್ಲಿ ಒಂದು ಅಕ್ಷರ ತಪ್ಪಿದರೂ ಕರ್ನಲ್‌ಗೆ ಅದು ‘ಇಲ್ಲ’ ಎಂದೇ ಕಾಣುತ್ತದೆ. ನಲ್ ಬರುತ್ತದೆ, ಲಾಗ್‌ನಲ್ಲಿ ಒಂದು ಸಾಲೂ ಇರುವುದಿಲ್ಲ. ರೀಸೆಟ್ ಕಂಟ್ರೋಲರ್ ಸಪೋರ್ಟ್ ಕಾನ್ಫಿಗ್‌ನಲ್ಲಿ ಆಫ್ ಆಗಿದ್ದರೂ ಆಪ್ಷನಲ್ ರೂಪ ಸುಮ್ನೆ ನಲ್ ಕೊಡುತ್ತದೆ. ಮೊದಲನೆಯದಕ್ಕೆ ಬೈಂಡಿಂಗ್‌ನ (ಡಿವೈಸ್ ಟ್ರೀಯಲ್ಲಿ ಯಾವ ಪ್ರಾಪರ್ಟಿ ಇರಬಹುದು ಎಂಬ ನಿಯಮ) ಯಾಮಲ್ ಸ್ಕೀಮಾ ಬರೆದು, ಅದರಲ್ಲಿ ಹೇಳದ ಪ್ರಾಪರ್ಟಿಗಳಿಗೆ ಅವಕಾಶ ಕೊಡದೆ, ಬಿಲ್ಡ್ ಮಾಡುವಾಗಲೇ ಡಿಟಿಬಿ (ಕಂಪೈಲ್ ಆದ ಡಿವೈಸ್ ಟ್ರೀ) ಚೆಕ್ ಓಡಿಸಿ. ಇದಕ್ಕೂ ಮುಂಚೆ, ಎಲ್ಲ ಬೋರ್ಡ್‌ಗೂ ಸಡಿಲ ಮಾಡಬೇಡಿ. ಚಿಪ್‌ನ ಒಂದು ಮಾಡೆಲ್‌ಗೆ ಹೊರಗಿನ ಕ್ಲಾಕ್ ಬೇಕೇ ಬೇಕು ಎಂದಿದ್ದರೆ, ಡಿವೈಸ್ ಟ್ರೀಯಲ್ಲಿ ಮಾಡೆಲ್ ಗುರುತಿಸುವ ಕಂಪ್ಯಾಟಿಬಲ್ ಹೆಸರಿನ ಜೊತೆ ಬರುವ ಮ್ಯಾಚ್ ಡೇಟಾದಲ್ಲಿ ಅದನ್ನು ಬರೆದು, ಆ ಮಾಡೆಲ್‌ಗೆ ಕಡ್ಡಾಯದ ಗೆಟ್ ಬಳಸಿ.

ಎರರ್ ವಾಪಸ್ ಕಳಿಸುವಾಗ ‘ಡೆವ್_ಎರ್_ಪ್ರೋಬ್’ ಬಳಸಿ. -517 ಆದರೆ ಅದು ಲಾಗ್ ತುಂಬಿಸುವುದಿಲ್ಲ, ಕಾರಣವನ್ನು ನೆನಪಿಟ್ಟುಕೊಳ್ಳುತ್ತದೆ. ಬೇರೆ ಎರರ್ ಆದರೆ ಸಾಮಾನ್ಯವಾಗಿ ಜೋರಾಗಿ ಬರೆಯುತ್ತದೆ. ನೀವು ಕೊಟ್ಟ ಕೋಡನ್ನೇ ಅದು ರಿಟರ್ನ್ ಮಾಡುವುದರಿಂದ ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ನಿಮ್ಮ ಕೋಡನ್ನು ಹೀಗೆ ಬದಲಿಸಿದ ಮೇಲೂ ಚಿಪ್ ಕಾಣದಿದ್ದರೆ ಡೀಬಗ್‌ಎಫ್‌ಎಸ್ (ಕರ್ನಲ್ ತನ್ನ ಒಳ ವಿವರ ತೋರಿಸುವ ಫೈಲ್‌ಸಿಸ್ಟಮ್) ಮೌಂಟ್ ಮಾಡಿ, ಅಲ್ಲಿರುವ ‘ಡಿವೈಸಸ್_ಡಿಫರ್ಡ್’ ಫೈಲ್ ತೆರೆದು ನೋಡಿ. ನಿಮ್ಮ ಡಿವೈಸ್ ಇನ್ನೂ ಕಾಯುತ್ತಿದ್ದರೆ ಅದರ ಹೆಸರೂ, ಯಾವುದಕ್ಕಾಗಿ ಕಾಯುತ್ತಿದೆ ಎಂದು ನೀವು ಬರೆದ ಮೆಸೇಜೂ ಅಲ್ಲೇ ಇರುತ್ತದೆ.